ಮೂವತ್ತು ಸೆಕೆಂಡಿಗೆ ಹತ್ತು ಸೊಳ್ಳೆ

ಸೊಳ್ಳೆಗಳು ಸಕ್ಕರೆಯ ಕೈ ಬಿಟ್ಟದ್ದು ಒಂದು ಸೋಮವಾರ, ಬೆಳಿಗ್ಗೆ ಹತ್ತೂಕಾಲು ಗಂಟೆಗೆ.

ಸಕ್ಕರೆ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಾರ್ಖಾನೆಯವರು ಇಟ್ಟದ್ದು. ಸೊಳ್ಳೆ ಓಡಿಸುವ ಮುಲಾಮು, ಮೈಗೆ ಹಚ್ಚುವ ಎಣ್ಣೆ, ಬಟ್ಟೆ ಅದ್ದುವ ದ್ರಾವಣ, ಎಲ್ಲ ತಯಾರಾಗುವ ಕಾರ್ಖಾನೆ ಅದು. ಎರಡನೇ ಮಹಡಿಯ ಮೂಲೆಯಲ್ಲಿ ಪರೀಕ್ಷೆಯ ಕೋಣೆ. ಅಲ್ಲಿ ಮೇಜಿನ ಮೇಲೆ ಬಲೆಯ ಪಂಜರ, ಪಂಜರದಲ್ಲಿ ಇನ್ನೂರು ಹೆಣ್ಣು ಸೊಳ್ಳೆ. ಬೀದಿಯಿಂದ ಹಿಡಿದು ತಂದವಲ್ಲ. ಅಲ್ಲೇ ಬಿಳಿ ತಟ್ಟೆಯ ನೀರಿನಲ್ಲಿ ಹುಟ್ಟಿ, ಮೀನಿಗೆ ಹಾಕುವ ಪುಡಿ ತಿಂದು ಬೆಳೆದ ಒಳ್ಳೆಯ ಮನೆತನದ ಸೊಳ್ಳೆಗಳು. ರೋಗವಿಲ್ಲ, ರುಜಿನವಿಲ್ಲ, ಹಸಿವೊಂದೇ. ಪರೀಕ್ಷೆಯ ಹಿಂದಿನ ಸಂಜೆ ಅವುಗಳ ಸಿಹಿನೀರನ್ನೂ ತೆಗೆದಿಡುತ್ತಾರೆ.

ಬೆಳಿಗ್ಗೆ ಪಂಜರದೊಳಗೆ ಮೊದಲು ಹೋಗುವುದು ಬರಿಗೈ, ಅಂದರೆ ಏನನ್ನೂ ಹಚ್ಚದ ಕೈ. ಮೂವತ್ತು ಸೆಕೆಂಡಿನೊಳಗೆ ಅದರ ಮೇಲೆ ಹತ್ತು ಸೊಳ್ಳೆಯಾದರೂ ಕೂರಬೇಕು. ಕೂತರೆ ಅವುಗಳಿಗೆ ನಿಜವಾಗಿ ಹಸಿವಿದೆ ಎಂದರ್ಥ, ಆಮೇಲೆ ಮುಲಾಮು ಹಚ್ಚಿದ ಇನ್ನೊಬ್ಬನ ಕೈ ಒಳಗೆ ಹೋಗುತ್ತದೆ. ಕೂರದಿದ್ದರೆ ಆ ದಿನದ ಪರೀಕ್ಷೆ ರದ್ದು. ಹದಿನಾಲ್ಕು ವರ್ಷದಿಂದ ಆ ಬರಿಗೈ ಸಕ್ಕರೆಯದು. ವಾರಕ್ಕೆ ಮೂರು ದಿನ, ಒಮ್ಮೆ ಎಡ, ಒಮ್ಮೆ ಬಲ. ಈಚಿನ ಎರಡು ವಾರ ಅಂಕಿ ಸ್ವಲ್ಪ ಇಳಿದಿದ್ದರೂ ಇಪ್ಪತ್ತಕ್ಕೆ ಕಡಿಮೆ ಸೊಳ್ಳೆ ಕೂತದ್ದೇ ಇಲ್ಲ. ಒಂದು ಸಲ ಮೂವತ್ತೊಂದು ಕೂತಿದ್ದವು. ಆ ಅಂಕಿಯನ್ನು ಪರೀಕ್ಷೆ ನಡೆಸುವ ಡಾಕ್ಟರಮ್ಮ ಕೆಂಪು ಶಾಯಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು.

ಶಾಲೆಯಲ್ಲಿ ಓಟದಲ್ಲಿ ಕೊನೆ, ಲೆಕ್ಕದಲ್ಲಿ ಕೊನೆ, ಮನೆಯಲ್ಲಿ ಐದು ಮಕ್ಕಳಲ್ಲಿ ಐದನೆಯವನು. ಇಡೀ ಜೀವಮಾನದಲ್ಲಿ ಅವನನ್ನು ಹುಡುಕಿಕೊಂಡು ಬಂದು ಮೇಲೆ ಬಿದ್ದದ್ದು ಸೊಳ್ಳೆಗಳು ಮಾತ್ರ. ನಗುವವರು ನಗಲಿ, ಎಲ್ಲರಿಗೂ ಎಲ್ಲಾದರೂ ಒಂದು ಕಡೆ ಮೊದಲ ಸ್ಥಾನ ಬೇಕಾಗುತ್ತದೆ. ಅವನದು ಆ ಪಂಜರದಲ್ಲಿತ್ತು.

ಅದಕ್ಕಾಗಿ ಅವನು ನಡೆಸುತ್ತಿದ್ದ ಪಥ್ಯ ಸಾಮಾನ್ಯದ್ದಲ್ಲ. ಘಮಘಮ ಸೋಪು ಮುಟ್ಟುವಂತಿಲ್ಲ. ತಲೆಗೆ ಎಣ್ಣೆಯಿಲ್ಲ, ಮುಖಕ್ಕೆ ಪೌಡರಿಲ್ಲ, ಬೀಡಿ ಸಿಗರೇಟಿನ ಮಾತೇ ಇಲ್ಲ. ಹೊಸ ವರ್ಷಕ್ಕೆ ಕಾರ್ಖಾನೆ ಪ್ರತಿಯೊಬ್ಬ ನೌಕರನಿಗೂ ತನ್ನದೇ ಮಾಲಿನ ಒಂದು ಡಬ್ಬಿ ಉಡುಗೊರೆ ಕೊಡುತ್ತದೆ. ಸಕ್ಕರೆ ಅದನ್ನು ಬಿಚ್ಚದೆ ತಂದು ಮಂಚದ ಕೆಳಗೆ ತಳ್ಳುತ್ತಿದ್ದ. ಹದಿನಾಲ್ಕು ಡಬ್ಬಿ ಅಲ್ಲಿ ಧೂಳು ತಿನ್ನುತ್ತಿದ್ದವು. ಅವನೊಬ್ಬನೇ ಅಲ್ಲ, ಕಾರ್ಖಾನೆಯ ಯಾರೂ ಆ ಮಾಲನ್ನು ಬಳಸುತ್ತಿರಲಿಲ್ಲ. ಡಾಕ್ಟರಮ್ಮನ ಮನೆಯ ಕಿಟಕಿಗಳಿಗೆಲ್ಲ ಬಲೆ, ಮಂಚಕ್ಕೂ ಬಲೆ. ಮಾಡುವವರಿಗೆ ಮಾಡಿದ್ದರ ಮೇಲೆ ನಂಬಿಕೆ ಇರುವುದು ಅಪರೂಪ.

ಆ ಸೋಮವಾರ ಸಕ್ಕರೆ ಎಂದಿನಂತೆ ಅಂಗೈಗೆ ರಬ್ಬರ್ ಗವಸು ಹಾಕಿ, ಮಣಿಕಟ್ಟಿನಿಂದ ಮೊಣಕೈವರೆಗೆ ಬರಿದಾಗಿಸಿ, ಪಂಜರಕ್ಕೆ ಹೊಲಿದ ಬಟ್ಟೆಯ ತೋಳಿನೊಳಗೆ ಕೈ ತೂರಿಸಿದ. ಡಾಕ್ಟರಮ್ಮ ಗಡಿಯಾರದ ಗುಂಡಿ ಒತ್ತಿದರು. ಸೊಳ್ಳೆಗಳು ಎದ್ದವು, ಹತ್ತಿರ ಬಂದವು, ಸುತ್ತು ಹಾಕಿದವು. ಒಂದು ಕೂತಿತು. ಕೂತದ್ದು ಏನೋ ನೆನಪಾದಂತೆ ಎದ್ದು ಹೋಯಿತು. ಇನ್ನೊಂದು ಗವಸಿನ ಅಂಚಿನ ಮೇಲೆ ಕಾಲೂರಿತು. ಉಳಿದ ನೂರಾತೊಂಬತ್ತೆಂಟು ಎದುರು ಬದಿಯ ಬಲೆಗೆ ಅಂಟಿಕೊಂಡು ಕೂತುಬಿಟ್ಟವು.

"ಎರಡು," ಅಂದರು ಡಾಕ್ಟರಮ್ಮ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಏನ್ರೀ ಸಕ್ಕರೆ, ಮೈಗೆ ಹುಷಾರಿಲ್ವಾ?"

"ಚೆನ್ನಾಗೇ ಇದೀನಿ ಮೇಡಂ. ಸೊಳ್ಳೆಗೇ ಏನೋ ಆಗಿರಬೇಕು."

ಬಾಗಿಲ ಬಳಿ ನಿಂತು ನೋಡುತ್ತಿದ್ದ ಉಗ್ರಾಣದವನು ಆ ಕ್ಷಣಕ್ಕೇ ಕಾದಿದ್ದವನಂತೆ ತೋಳು ಮಡಚಿದ. ಅವನು ದಪ್ಪ ಮನುಷ್ಯ, ಸದಾ ಬೆವರುವವನು, ಬರಿಗೈಯ ಕುರ್ಚಿಯ ಮೇಲೆ ಆರು ವರ್ಷದಿಂದ ಕಣ್ಣಿಟ್ಟವನು. "ಮೇಡಂ, ನಾನು ಒಂದ್ಸಲ ಇಟ್ಟು ನೋಡ್ಲಾ?" ಅಂದ. ಡಾಕ್ಟರಮ್ಮ ನಿಯಮದ ಪುಸ್ತಕ ತೆಗೆದರು. ಸತತ ಮೂರು ಪರೀಕ್ಷೆಯಲ್ಲಿ ಹತ್ತು ದಾಟದ ಕೈಯನ್ನು ಪಟ್ಟಿಯಿಂದ ತೆಗೆದು ಬೇರೆ ಕೈ ಸೇರಿಸಬೇಕು ಎಂದು ಅದರಲ್ಲಿತ್ತು. "ಇನ್ನೂ ಎರಡು ಸಲ ಇದೆ," ಅಂದು ಮುಚ್ಚಿಟ್ಟರು.

ಮಂಗಳವಾರ ಪೂರ್ತಿ ಸಕ್ಕರೆ ತಲೆ ಕೆಡಿಸಿಕೊಂಡ. ಸೊಳ್ಳೆಗೆ ಬೆವರು ಇಷ್ಟ, ಬಿಸಿ ಮೈ ಇಷ್ಟ, ಏದುಸಿರು ಇಷ್ಟ. ಅದೆಲ್ಲ ಅವನಿಗೆ ಕಂಠಪಾಠ. ಬುಧವಾರ ಬೆಳಿಗ್ಗೆ ಕಾರ್ಖಾನೆಯ ಮೆಟ್ಟಿಲನ್ನು ಒಂಬತ್ತು ಸಲ ಹತ್ತಿ ಇಳಿದ. ಎರಡು ದಿನದ ಕಾಲುಚೀಲವನ್ನೇ ಹಾಕಿಕೊಂಡಿದ್ದ. ಏದುಸಿರು ಬಿಡುತ್ತ, ಕೆಂಪಗಾಗಿ, ತೊಪ್ಪೆಯಾದ ಅಂಗಿಯ ತೋಳು ಮಡಚಿ ಪಂಜರದೊಳಗೆ ಕೈ ಇಟ್ಟ. ಕಾಲುಚೀಲದ ವಾಸನೆಗೆ ಡಾಕ್ಟರಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ಸೊಳ್ಳೆಗಳೂ ಸರಿದವು. ಆ ದಿನ ಕೂತದ್ದು ಒಂದೇ ಒಂದು, ಅದಕ್ಕೂ ಒಂದು ರೆಕ್ಕೆ ಊನ.

"ಶುಕ್ರವಾರ ಕೊನೇದು, ಸಕ್ಕರೆ," ಅಂದರು ಡಾಕ್ಟರಮ್ಮ, ಬೇಸರದಿಂದಲೇ. "ಹೊಸ ಮುಲಾಮು ಅಂಗಡಿಗೆ ಹೋಗೋಕೆ ಕಾದು ನಿಂತಿದೆ. ಈ ವಾರ ಪರೀಕ್ಷೆ ಆಗ್ಲೇಬೇಕು. ನಿಮ್ಮ ಕೈ ಆಗದಿದ್ರೆ ಉಗ್ರಾಣದವರ ಹೆಸರು ಬರ್ಕೋತೀನಿ. ನಿಮಗೆ ಕೆಳಗೆ ಮುಚ್ಚಳ ತಿರುಗಿಸೋ ವಿಭಾಗದಲ್ಲಿ ಜಾಗ ಇದೆ."

ಮುಚ್ಚಳ ತಿರುಗಿಸುವುದು ಕೆಟ್ಟ ಕೆಲಸವೇನಲ್ಲ. ಆದರೆ ಅಲ್ಲಿ ನಲವತ್ತು ಜನ ಇದ್ದಾರೆ, ನಲವತ್ತೂ ಜನ ಒಂದೇ ಥರ ತಿರುಗಿಸುತ್ತಾರೆ.

ಮನೆಯಲ್ಲಿ ಇದನ್ನು ಹೇಳಿಕೊಳ್ಳುವ ಹಾಗೂ ಇರಲಿಲ್ಲ, ಏಕೆಂದರೆ ಮನೆಯಲ್ಲಿ ಅತ್ತೆ ಇದ್ದರು. ಮಂಡಿ ನೋವಿಗೆ ಚಿಕಿತ್ಸೆ ಪಡೆಯಲೆಂದು ಮಗಳ ಮನೆಗೆ ಬಂದು ಒಂದೂವರೆ ತಿಂಗಳಾಗಿತ್ತು. ಮದುವೆಯ ಕಾಲದಲ್ಲಿ ಹುಡುಗನ ಕಡೆಯವರು "ಸಂಶೋಧನೆಯಲ್ಲಿದ್ದಾನೆ" ಅಂದಿದ್ದರು. ಅದು ಅಷ್ಟೇನೂ ಸುಳ್ಳಲ್ಲ. ಅತ್ತೆ ಅದನ್ನು ತಮ್ಮ ಕೇರಿಗೆಲ್ಲ "ನಮ್ಮ ಅಳಿಯ ವಿಜ್ಞಾನಿ" ಎಂದು ಸಾರಿದ್ದರು. ಬಂದ ಮೊದಲ ಸಂಜೆ ಅಳಿಯ ಅರ್ಧ ತೋಳಿನ ಬನಿಯನ್ನಿನಲ್ಲಿ ಕೂತು, ಊದಿದ ಕೈಗೆ ಮಂಜುಗಡ್ಡೆ ಒತ್ತಿಕೊಳ್ಳುತ್ತಿದ್ದುದನ್ನು ಕಂಡು ಮಗಳನ್ನು ಅಡುಗೆಮನೆಗೆ ಕರೆದು ಕೇಳಿದರು. ಮಗಳು ಗಣಿತದ ಟೀಚರ್, ಇದ್ದದ್ದನ್ನು ಇದ್ದ ಹಾಗೆ ಹೇಳುವವಳು. ಹೇಳಿಬಿಟ್ಟಳು.

"ಅಂದ್ರೆ ಇವರು ವಿಜ್ಞಾನಿ ಅಲ್ಲ," ಅಂದದ್ದು ಗೋಡೆಯಾಚೆಗೂ ಕೇಳಿಸಿತು. "ಸೊಳ್ಳೆಯ ಊಟ."

ಅಂದಿನಿಂದ ಅತ್ತೆ ಅಳಿಯನ ಜೊತೆ ನೇರ ಮಾತಾಡಿದ್ದಿಲ್ಲ. ಹೇಳುವುದನ್ನೆಲ್ಲ ಮಗಳಿಗೆ ಹೇಳುವರು. ಮಗಳು ಇಲ್ಲದಿದ್ದರೆ ಫ್ರಿಜ್ಜಿಗೆ. "ಕಾಫಿ ಆರಿ ಹೋಗ್ತಾ ಇದೆ," ಎಂದು ಫ್ರಿಜ್ಜಿಗೆ ಹೇಳಿದರೆ ಸಕ್ಕರೆ ಹೋಗಿ ಕಾಫಿ ಕುಡಿಯುವನು. ಅವನೂ ನಾಚಿಕೆಗೆ ಅರ್ಧ ತೋಳಿನ ಬಟ್ಟೆಗಳನ್ನೆಲ್ಲ ಒಳಗಿಟ್ಟು, ಸೆಕೆಯಲ್ಲೂ ಮಣಿಕಟ್ಟಿನವರೆಗೆ ಗುಂಡಿ ಹಾಕಿದ ತುಂಬುತೋಳಿನ ಅಂಗಿಯಲ್ಲೇ ಓಡಾಡುತ್ತಿದ್ದ. ರಾತ್ರಿ ಮಲಗುವುದೂ ಅದರಲ್ಲೇ. ಅತ್ತೆಗೆ ತನ್ನ ಕೈ ಕಂಡರೆ ಅಸಹ್ಯ ಎಂದು ಅವನು ತೀರ್ಮಾನ ಮಾಡಿಯಾಗಿತ್ತು.

ಬುಧವಾರ ಸಂಜೆ ಹೆಂಡತಿ ಅವನ ತೋಳು ಮಡಚಿ ನೋಡಿ ಹಿಗ್ಗಿದಳು. "ರೀ, ನೋಡಿ! ಒಂದು ಗಂಟೂ ಇಲ್ಲ. ಕೆಂಪೂ ಇಲ್ಲ. ಎಷ್ಟು ವರ್ಷ ಆಯ್ತು ಈ ಕೈ ಹೀಗೆ ನೋಡಿ!"

ತನ್ನ ನುಣುಪಾದ ಕೈಯನ್ನು ನೋಡಿ ಕಣ್ಣೀರು ಹಾಕಿದ ಗಂಡಸು ಲೋಕದಲ್ಲಿ ಅವನೊಬ್ಬನೇ ಇರಬೇಕು. ಹೆಂಡತಿಗೆ ಎಲ್ಲ ಹೇಳಿದ. ಅವಳು ಸೋಪಿನ ಹೊದಿಕೆ ಓದಿದಳು, ಊಟದಲ್ಲಿ ಏನು ಬದಲಾಗಿದೆ ಎಂದು ಬೆರಳು ಮಡಚಿ ಎಣಿಸಿದಳು. ಏನೂ ಬದಲಾಗಿರಲಿಲ್ಲ. "ವಯಸ್ಸಾಯ್ತೇನೋ," ಅಂದಳು ಕೊನೆಗೆ. ಅದು ಸಮಾಧಾನವಂತೂ ಆಗಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು.

ಗುರುವಾರ ಅವನು ಅರ್ಧ ದಿನ ರಜೆ ಹಾಕಿ ಮನೆಗೆ ಬಂದ. ಹೆಂಡತಿ ಶಾಲೆಯಲ್ಲಿದ್ದಳು. ಹಿಂದಿನ ಕೋಣೆಯಲ್ಲಿ ಬಟ್ಟೆ ಒಗೆಯುವ ಮಷೀನು ಗುರುಗುಟ್ಟುತ್ತಿತ್ತು. ಬಾಗಿಲು ತಳ್ಳಿದರೆ ಅತ್ತೆ, ಮಂಡಿಗೊಂದು ಪಟ್ಟಿ ಕಟ್ಟಿಕೊಂಡು, ಮಷೀನಿನ ಚಿಕ್ಕ ಖಾನೆಗೆ ಒಂದು ಬಾಟಲಿಯಿಂದ ಅಳತೆ ಮಾಡಿ ಸುರಿಯುತ್ತಿದ್ದರು. ಒಂದು ಮುಚ್ಚಳ, ಎರಡು, ಮೂರು, ನಾಲ್ಕು. ಬಾಟಲಿಯ ಮೇಲೆ ಕಾರ್ಖಾನೆಯ ಚಿತ್ರ: ಮಂಚದ ಕೆಳಗಿನ ಡಬ್ಬಿಯಲ್ಲಿದ್ದ, ಬಟ್ಟೆ ಅದ್ದುವ ದ್ರಾವಣ. ಮಷೀನಿನ ಗಾಜಿನಾಚೆ ಸುತ್ತುತ್ತಿದ್ದದ್ದು ಹಗಲೂ ರಾತ್ರಿಯೂ ಅವನ ಕೈಗೆ ಅಂಟಿರುತ್ತಿದ್ದ ತುಂಬುತೋಳಿನ ಅಂಗಿಗಳು.

ಫ್ರಿಜ್ಜು ಅಡುಗೆಮನೆಯಲ್ಲಿತ್ತು, ಅತ್ತೆಗೆ ಅದರ ಸಹಾಯವೂ ಸಿಗಲಿಲ್ಲ.

"ಅತ್ತೆ, ಇದು... ಯಾವತ್ತಿಂದ?"

"ಇಪ್ಪತ್ತು ದಿನ ಆಯ್ತು," ಅಂದರು ಅತ್ತೆ ಮಷೀನಿಗೆ. "ಮೊದಲು ಬಾಟ್ಲಿ ಮೇಲೆ ಬರೆದಿರೋ ಹಾಗೆ ಒಂದು ಮುಚ್ಚಳ ಹಾಕ್ದೆ. ಏನೂ ಆಗ್ಲಿಲ್ಲ. ಆಮೇಲೆ ಎರಡು. ರಾತ್ರಿ ಕೆರ್ಕೊಳ್ಳೋ ಸದ್ದು ಸ್ವಲ್ಪ ಕಮ್ಮಿ ಆಯ್ತು. ಮೂರು ಹಾಕಿದ ವಾರ ಇನ್ನೂ ಕಮ್ಮಿ. ನಾಲ್ಕಕ್ಕೆ ಪೂರ್ತಿ ನಿಂತು ಹೋಯ್ತು." ಮಷೀನಿನ ಮೇಲಿದ್ದ ಕ್ಯಾಲೆಂಡರಿನಲ್ಲಿ ಪೆನ್ಸಿಲಿನ ಗುರುತುಗಳಿದ್ದವು, ಅವನು ಎಷ್ಟು ಸಲ ಕೆರೆದುಕೊಂಡನೆಂದು ರಾತ್ರಿಗೊಂದು ಅಂಕಿ. ಮನೆಯಲ್ಲಿ ವಿಜ್ಞಾನಿ ಯಾರು ಎಂಬುದು ಅಷ್ಟರಲ್ಲಿ ಇತ್ಯರ್ಥವಾಯಿತು.

ಸಕ್ಕರೆಯ ಮೂಗಿಗೆ ಅದು ತಿಳಿದಿರಲಿಲ್ಲ. ಹದಿನಾಲ್ಕು ವರ್ಷ ಆ ಎಣ್ಣೆಗಳ ನಡುವೆ ಬಾಳಿದ ಮೂಗು ಕನ್ನಡಕ ಇಡಲಿಕ್ಕೆ ಬಿಟ್ಟರೆ ಬೇರೆ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಹೆಂಡತಿಯೋ, ಗಂಡನ ಮೈಯಿಂದ ಕಾರ್ಖಾನೆಯ ವಾಸನೆ ಬರುವುದು ಇದ್ದದ್ದೇ ಎಂದುಕೊಂಡಿದ್ದಳು. ಇನ್ನು ಕಾರ್ಖಾನೆಯಲ್ಲಿ ಗೋಡೆಗೂ ಅದೇ ವಾಸನೆ.

"ಕಚ್ಚಿಸಿಕೊಳ್ಳೋದೇ ನನ್ನ ಕೆಲಸ ಅಂತ ನಿಮಗೆ ಗೊತ್ತಿತ್ತಲ್ಲ ಅತ್ತೆ?"

"ಗೊತ್ತಿತ್ತು. ಗೊತ್ತಿದ್ದೇ ಹಾಕ್ದೆ." ಈಗ ಅತ್ತೆ ತಿರುಗಿ ಅವನ ಮುಖ ನೋಡಿದರು. "ನನ್ನ ಮಗಳ ಗಂಡ ಯಾರಿಗೂ ಊಟ ಅಲ್ಲ. ನೀವು ರಾತ್ರಿ ನಿದ್ದೇಲಿ ಕೈ ಕೆರ್ಕೊಳ್ಳೋದು ನನ್ನ ಕೋಣೆಗೆ ಕೇಳಿಸ್ತಿತ್ತು. ಪರ ಪರ ಅಂತ. ಎಷ್ಟು ದಿನ ಅಂತ ಕೇಳಿಸ್ಕೊಳ್ಳಲಿ?"

ಸಕ್ಕರೆ ಪೆಚ್ಚಾದ. ಒಂದೂವರೆ ತಿಂಗಳು ಅಸಹ್ಯ ಎಂದುಕೊಂಡದ್ದು ಅಸಹ್ಯವಾಗಿರಲಿಲ್ಲ. ಸಂತೋಷಪಡಬೇಕೋ, ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ಬಟ್ಟೆಯ ಬುಟ್ಟಿಯ ಮೇಲೆ ಕೂತ. ಆಮೇಲೆ ನಿಧಾನವಾಗಿ ಹೇಳಿದ: ಬರಿಗೈ ಇಲ್ಲದಿದ್ದರೆ ಯಾವ ಮುಲಾಮೂ ಹೊರಗೆ ಹೋಗುವುದಿಲ್ಲ, ಸೊಳ್ಳೆಗೆ ಹಸಿವಿದೆಯೋ ಇಲ್ಲವೋ ಎಂದು ತಿಳಿಯುವುದು ಅದರಿಂದಲೇ. ಮಕ್ಕಳ ಕೆನ್ನೆಗೆ ಹಚ್ಚುವ ಡಬ್ಬಿಯೂ ಮೊದಲು ತನ್ನ ಕೈ ದಾಟಿಯೇ ಹೋಗಬೇಕು. ನಾಳೆ ಹತ್ತು ಕೂರದಿದ್ದರೆ ಆ ಜಾಗ ಹೋಯಿತು. "ಇದೊಂದು ಕೆಲಸದಲ್ಲಿ ನನ್ನಷ್ಟು ಚೆನ್ನಾಗಿ ಮಾಡೋರು ಇಲ್ಲ ಅತ್ತೆ. ಬೇರೆ ಯಾವುದರಲ್ಲೂ ನಾನು ಹಾಗೆ ಹೇಳೋಕಾಗಲ್ಲ."

ಅತ್ತೆ ಮಷೀನನ್ನು ಆರಿಸಿದರು. ಅಂಗಿಗಳು ನೀರಿನಲ್ಲಿ ಹಾಗೇ ನಿಂತವು.

"ತೊಳೆದ್ರೆ ಹೋಗತ್ತಾ?"

"ಕೈಯಿಂದ ಪೂರ್ತಿ ಹೋಗೋಕೆ ಮೂರು ದಿನ ಬೇಕು."

"ಹಾಗಾದ್ರೆ ನಾಳೆ ನಾನೂ ಬರ್ತೀನಿ. ತಪ್ಪು ನಂದು, ನಾನೇ ಹೇಳ್ತೀನಿ."

ಸಕ್ಕರೆ ಬೇಡವೆಂದ. ಆದರೆ ಅತ್ತೆ ಆಗಲೇ ಮಂಡಿಯ ಪಟ್ಟಿ ಬಿಗಿ ಮಾಡಿಕೊಳ್ಳುತ್ತಿದ್ದರು.

ಶುಕ್ರವಾರ ಅವರಿಬ್ಬರೂ ಎರಡನೇ ಮಹಡಿ ಹತ್ತುವುದಕ್ಕೆ ಹದಿನೈದು ನಿಮಿಷ ಹಿಡಿಯಿತು. ಉಗ್ರಾಣದವನು ಆಗಲೇ ಕೈಗೆ ಗವಸು ಹಾಕಿ ಕುರ್ಚಿಯ ಅಂಚಿನಲ್ಲಿ ಕೂತಿದ್ದ. ಅತ್ತೆ ನಿಂತಲ್ಲೇ, ಒಂದಕ್ಷರ ಮುಚ್ಚಿಡದೆ, ಮುಚ್ಚಳದ ಲೆಕ್ಕದ ಸಮೇತ ಡಾಕ್ಟರಮ್ಮನಿಗೆ ಎಲ್ಲ ಹೇಳಿದರು. ಸಕ್ಕರೆ ತಲೆ ತಗ್ಗಿಸಿ ಬೈಗುಳಕ್ಕೆ ಕಾದ.

ಡಾಕ್ಟರಮ್ಮ ಕುರ್ಚಿಯನ್ನು ಅತ್ತೆಯ ಹತ್ತಿರಕ್ಕೆ ಎಳೆದುಕೊಂಡರು.

"ಅಂದ್ರೆ," ಅಂದರು ಪಿಸುದನಿಯಲ್ಲಿ, "ನಮ್ಮದು ಕೆಲಸ ಮಾಡತ್ತಾ?"

"ನಾಲ್ಕು ಮುಚ್ಚಳಕ್ಕೆ ಮಾಡತ್ತೆ," ಅಂದರು ಅತ್ತೆ. "ಒಂದಕ್ಕೆ ಇಲ್ಲ. ಬಾಟ್ಲಿ ಮೇಲೆ ತಪ್ಪು ಬರ್ದಿದೀರ."

ಡಾಕ್ಟರಮ್ಮ ಕಾಗದ ಹುಡುಕಿ ಗೀಚಿಕೊಂಡರು. ಎಷ್ಟು ದಿನದಲ್ಲಿ, ಎಷ್ಟು ನೀರಿಗೆ, ಬಿಸಿನೀರೋ ತಣ್ಣೀರೋ ಎಂದು ಎರಡು ಪುಟ ಕೇಳಿದರು. ಆಮೇಲೆ ಪೆನ್ನು ಕೆಳಗಿಟ್ಟು ನಿಟ್ಟುಸಿರು ಬಿಟ್ಟರು. "ಆದ್ರೂ ಇವತ್ತಿನ ಪರೀಕ್ಷೆಗೆ ಬರಿಗೈ ಬೇಕೇ ಬೇಕು. ಇಲ್ಲಿನ ನೌಕರರ ಕೈ ಅಂದ್ರೆ ಹೆಸರು ಪಟ್ಟೀಲಿ ಇರಲೇಬೇಕು. ಇವರ ಹೆಸರು ಬರ್ಕೊಂಡ್ರೆ," ಎಂದು ಉಗ್ರಾಣದವನ ಕಡೆ ನೋಡಿ, "ಮತ್ತೆ ಅಳಿಸೋಕೆ ಬರಲ್ಲ. ಪಟ್ಟೀಲಿ ಒಂದೇ ಹೆಸರಿಗೆ ಜಾಗ."

"ಹೊರಗಿನವರ ಕೈ ಆಗಲ್ವಾ?" ಅಂದರು ಅತ್ತೆ. ಆಗಲೇ ಬಳೆ ಮೇಲೆ ಸರಿಸಿ ತೋಳು ಮಡಚಿದ್ದರು. "ನಾನು ಆ ದ್ರಾವಣ ಕೈಯಲ್ಲಿ ಮುಟ್ಟಿಲ್ಲ, ಮಷೀನಿಗೆ ಸುರಿದಿದ್ದು ಅಷ್ಟೇ. ನನ್ನ ಬಟ್ಟೆ ನಾನೇ ಬೇರೆ ಬಕೆಟ್ಟಲ್ಲಿ ಒಗೀತೀನಿ. ಒಂದು ದಿನಕ್ಕೆ ನನ್ನ ಕೈ ತಗೊಳ್ಳಿ."

"ಅತ್ತೆ, ಬೇಡ," ಅಂದ ಸಕ್ಕರೆ. ಉಗ್ರಾಣದವನೂ ಅದನ್ನೇ ಅಂದ, ಬೇರೆ ಕಾರಣಕ್ಕೆ. ನಿಯಮದ ಪುಸ್ತಕದಲ್ಲಿ ಹೊರಗಿನವರ ಕೈ ಬೇಡವೆಂದು ಎಲ್ಲೂ ಬರೆದಿರಲಿಲ್ಲ, ಅಂಥದ್ದು ನಡೆದೀತೆಂದು ಬರೆದವರಿಗೆ ಹೊಳೆದಿರಲಿಲ್ಲ. ಡಾಕ್ಟರಮ್ಮ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಸಕ್ಕರೆ ತಾನೇ ಅತ್ತೆಯ ಕೈಯನ್ನು ಬರಿಯ ನೀರಿನಲ್ಲಿ ತೊಳೆದು ಒರೆಸಿ, ಗವಸು ಹಾಕಿ, ಪಂಜರದ ತೋಳಿನೊಳಗೆ ತೂರಿಸಿದ. "ಅಲುಗಾಡಿಸಬಾರದು. ಎಷ್ಟೇ ಆದ್ರೂ ಅಲುಗಾಡಿಸಬಾರದು," ಎಂದು ಕಿವಿಯಲ್ಲಿ ಹೇಳಿದ.

ಡಾಕ್ಟರಮ್ಮ ಗುಂಡಿ ಒತ್ತಿದರು. ಆಮೇಲೆ ನಡೆದದ್ದನ್ನು ಆ ಕೋಣೆಯಲ್ಲಿದ್ದವರು ಇವತ್ತಿಗೂ ಹೇಳುತ್ತಾರೆ. ಇನ್ನೂರು ಸೊಳ್ಳೆ ಒಂದೇ ಸಲಕ್ಕೆ ಬಲೆ ಬಿಟ್ಟು ಎದ್ದವು. ವಾರವಿಡೀ ರಕ್ತ ಕಾಣದವು. ಸುತ್ತು ಹಾಕಲಿಲ್ಲ, ಯೋಚಿಸಲಿಲ್ಲ, ನೇರ ಇಳಿದವು. ಡಾಕ್ಟರಮ್ಮ ಎಣಿಸುತ್ತ ಎಣಿಸುತ್ತ ದನಿ ಏರಿಸಿದರು. ಹತ್ತು ದಾಟಿದ್ದು ಐದನೇ ಸೆಕೆಂಡಿಗೆ. ಮೂವತ್ತೊಂದು ದಾಟಿದಾಗ ಸಕ್ಕರೆಯ ಕಣ್ಣು ಗೋಡೆಯ ಕೆಂಪು ಅಂಕಿಯತ್ತ ಹೋಯಿತು. ಅದು ಹೊಟ್ಟೆಕಿಚ್ಚೇ, ಬೇರೇನಲ್ಲ. ಆದರೆ ಅತ್ತೆಯ ಮುಖ ನೋಡಿದ. ತುಟಿ ಬಿಗಿದು, ಕಣ್ಣು ಮುಚ್ಚಿ, ಕಲ್ಲಿನ ಹಾಗೆ ಕೂತಿದ್ದರು. ರೆಪ್ಪೆಯ ಅಂಚಿನಿಂದ ನೀರು ಇಳಿಯುತ್ತಿತ್ತು. ಕೈ ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ.

"ನಲವತ್ನಾಲ್ಕು!" ಎಂದು ಡಾಕ್ಟರಮ್ಮ ಕೂಗಿದರು. ಉಗ್ರಾಣದವನು ಗವಸು ಕಳಚಿಟ್ಟು ಕೆಳಗೆ ಹೋದ.

ಸಕ್ಕರೆ ಅತ್ತೆಯನ್ನು ತೊಟ್ಟಿಯ ಬಳಿ ಕೂರಿಸಿ, ಸೋಪು ನೀರಿನಲ್ಲಿ ಕೈ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಒತ್ತಿ ಹಿಡಿದ. ಮೊಣಕೈವರೆಗೆ ಗಂಟು ಗಂಟಾಗಿ ಏಳುತ್ತಿತ್ತು. ಅತ್ತೆಯ ಬಲಗೈ ತಾನಾಗಿಯೇ ಅತ್ತ ಹೋಯಿತು.

"ಉಗುರು ಬೇಡ ಅತ್ತೆ. ಕೆರೆದ್ರೆ ಇನ್ನೂ ಜಾಸ್ತಿ ಆಗತ್ತೆ. ಹತ್ತು ನಿಮಿಷ ತಡ್ಕೊಳ್ಳಿ, ಮೊದಲ ಹತ್ತು ನಿಮಿಷವೇ ಕಷ್ಟ. ಆಮೇಲೆ ತುರಿಕೆಯ ಮುಲಾಮು ಹಚ್ತೀನಿ, ಸಂಜೆ ಹೊತ್ತಿಗೆ ಇಳಿಯತ್ತೆ."

"ಪ್ರತಿ ಸಲ ಹೀಗೇನಾ?"

"ಹ್ಞೂಂ."

"ಹದಿನಾಲ್ಕು ವರ್ಷ?"

ಅವನು ಮಂಜುಗಡ್ಡೆಯನ್ನು ಸ್ವಲ್ಪ ಮೇಲಕ್ಕೆ ಸರಿಸಿದ.

ಡಾಕ್ಟರಮ್ಮ ಪಟ್ಟಿಯ ಪುಸ್ತಕ ಹಿಡಿದು ಹತ್ತಿರ ಬಂದು ಕೂತರು. ಮುಖದಲ್ಲಿ ಆಸೆ ಎದ್ದು ಕಾಣುತ್ತಿತ್ತು. "ಅಮ್ಮಾ, ಇಂಥ ಕೈ ನಾನು ನೋಡೇ ಇಲ್ಲ. ನೀವು ಇಲ್ಲೇ ಇರೋ ಹಾಗಿದ್ರೆ, ವಾರಕ್ಕೆ ಮೂರು ದಿನ... ಸಕ್ಕರೆಗೆ ಕೆಳಗೆ ಆರಾಮಾದ ಕೆಲಸ ಕೊಡ್ತೀನಿ." ಪೆನ್ನಿನ ಮುಚ್ಚಳ ಆಗಲೇ ತೆಗೆದಿತ್ತು.

ಸಕ್ಕರೆ ಆ ಪೆನ್ನನ್ನು ನೋಡಿದ. ಅತ್ತೆ ಒಪ್ಪಿಕೊಂಡರೆ ತಾನು ಎದುರಾಡುವ ಹಾಗಿಲ್ಲ. ಅವನ ಮೂವತ್ತೊಂದು ಇನ್ನು ಮೇಲೆ ಗೋಡೆಯ ಮೇಲಿನ ಬರಿಯ ಒಂದು ಅಂಕಿ. ಕಣ್ಣು ನೆಲದ ಮೇಲಿಟ್ಟು, ಮಂಜುಗಡ್ಡೆ ಹಿಡಿದೇ ಕೂತ.

"ನಾನು ಒಂದು ದಿನಕ್ಕೆ ಅಂತ ಬಂದವಳು," ಅಂದರು ಅತ್ತೆ. "ಮೂವತ್ತು ಸೆಕೆಂಡಿಗೇ ನನ್ನ ಪ್ರಾಣ ಹೋಗಿ ಬಂತು. ಇವರು ಇದನ್ನ ಹದಿನಾಲ್ಕು ವರ್ಷ ಮಾಡಿ, ಮನೆಗೆ ಬಂದು ಒಂದು ಮಾತೂ ಆಡಲ್ಲ. ಇವರ ಹೆಸರನ್ನ ಅಳಿಸಿ ನನ್ನ ಹೆಸರು ಬರೀತೀರಾ? ಪೆನ್ನು ಮುಚ್ಚಿ ಮೊದಲು."

ಡಾಕ್ಟರಮ್ಮ ಪೆನ್ನು ಮುಚ್ಚಿದರು.

"ಮೂರು ದಿನ ಆದ್ಮೇಲೆ ಇವರ ಕೈ ತಗೊಳ್ಳಿ. ಆದ್ರೆ ಬಲಗೈ ಒಂದೇ. ಎಡಗೈ ಕೊಡಲ್ಲ."

"ಅಮ್ಮಾ, ಒಂದು ದಿನ ಎಡ, ಒಂದು ದಿನ ಬಲ, ಅದು ನಮ್ಮ ಪದ್ಧತಿ."

"ಪದ್ಧತಿ ನಿಮ್ಮದು, ಅಳಿಯ ನಮ್ಮವರು. ವಾರಕ್ಕೆ ಮೂರು ದಿನ ಆಗಲ್ಲ, ಎರಡು ದಿನ. ಬಲಗೈ, ಎರಡು ದಿನ."

"ಎರಡು ದಿನ ಸಾಕಾಗಲ್ಲ. ಮೂರು ದಿನ, ಬಲಗೈ."

"ಎರಡು. ಮಧ್ಯ ಎರಡು ದಿನ ಬಿಡುವು. ಗಂಟು ಇಳೀಬೇಕಲ್ಲ."

ಬೆಲೆ ಕಟ್ಟುವ ದನಿ ಅದು, ಒಂದು ಕಡೆಯೂ ಸಡಿಲವಿಲ್ಲ. ಡಾಕ್ಟರಮ್ಮ ನಲವತ್ನಾಲ್ಕು ಗಂಟು ಎದ್ದ ಕೈಯನ್ನು ಒಮ್ಮೆ ನೋಡಿ, ಸೋತು, ಪುಸ್ತಕ ತೆರೆದು ಸಕ್ಕರೆಯ ಹೆಸರಿನ ಮುಂದೆ ಬರೆದರು: ಬಲಗೈ ಮಾತ್ರ, ವಾರಕ್ಕೆ ಎರಡು ದಿನ. ಬರೆದದ್ದನ್ನು ಅತ್ತೆ ಇಸಿದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ಓದಿದರು.

"ನೀವು ಏನಂತೀರಿ?" ಎಂದು ಅಳಿಯನನ್ನು ಕೇಳಿದರು.

ಇದುವರೆಗೆ ಅವನ ಕೈಯನ್ನು ಬೇಕೆಂದವರು ಇದ್ದರು, ಅದು ಸಾಕೆಂದವರೂ ಇದ್ದರು. ಅದಕ್ಕೆ ನೋವಾಗುತ್ತದೆಂದು ಜಗಳ ಕಾದವರು ಯಾರೂ ಇರಲಿಲ್ಲ. ಸಕ್ಕರೆ ತಲೆಯಾಡಿಸಿ, ತುಂಬುತೋಳಿನ ಎರಡೂ ಗುಂಡಿ ಬಿಚ್ಚಿ, ಅಂಗಿಯನ್ನು ಮೊಣಕೈ ದಾಟಿಸಿ ಮಡಚಿ, ಕರಗಿದ ಮಂಜುಗಡ್ಡೆಯ ಜಾಗಕ್ಕೆ ಇನ್ನೊಂದು ತರಲು ಎದ್ದ.